ಮುಧೋಳದಿಂದ ಮೇಗರವಳ್ಳಿಗೆ ನಾಯಿಮರಿ ತಂದ ಪ್ಲಾಸ್ಟಿಕ್ ಪೆಟ್ಟಿಗೆ: ಒಂದು ಮಳೆಗಾಲ ಕಳೆದ ಮೇಲೆ

ದೂರದ ಊರಿನಿಂದ ಕಾರಿನಲ್ಲಿ ನಾಯಿಮರಿ ತರುವವರು ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾರಿಯರ್, ಅಂದರೆ ಮರಿಯನ್ನು ಕೂರಿಸಿ ಒಯ್ಯುವ ಪೆಟ್ಟಿಗೆ, ಕೊಳ್ಳಿ. ಅದೂ ಚಿಕ್ಕದು. ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಕೂರುವಷ್ಟು ಚಿಕ್ಕದು. ನಾನು ಕೊಂಡಿದ್ದು 19 ಇಂಚು ಉದ್ದದ್ದು. ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ಅಂಗಡಿಯಲ್ಲಿ ಎರಡು ಸಾವಿರ ರೂಪಾಯಿಯ ಒಳಗೇ ಸಿಕ್ಕಿತು. ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ, ಫೆಬ್ರವರಿಯಲ್ಲಿ ಮುಧೋಳದಿಂದ ಮರಿ ತಂದೆವು. ಈಗ ಒಂದು ಇಡೀ ಮಳೆಗಾಲ ಕಳೆದಿದೆ. ಈ ಪೆಟ್ಟಿಗೆ ಯಾವುದಕ್ಕೆ ಒದಗಿತು, ಎಲ್ಲಿ ಕೈಕೊಟ್ಟಿತು ಅಂತ ಈಗ ಧೈರ್ಯವಾಗಿ ಹೇಳಬಹುದು.

ಮನೆಯಲ್ಲಿ ಮೊದಲು ಬಂದ ಪ್ರಶ್ನೆ ಪೆಟ್ಟಿಗೆ ಯಾಕೆ ಅಂತ. "ಅಲ್ಲ ಮಾರಾಯ್ತಿ, ಇಷ್ಟು ಸಣ್ಣ ಮರಿ. ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಆಗಲ್ವಾ?" ಅಂದರು ನಮ್ಮನೆಯವರು. ನಮ್ಮ ಕಡೆ ಎಲ್ಲರೂ ಹಾಗೇ ತರುತ್ತಾರೆ. ಇಲ್ಲದಿದ್ದರೆ ರಟ್ಟಿನ ಡಬ್ಬಕ್ಕೆ ನಾಲ್ಕು ತೂತು. ಪಕ್ಕದೂರಿನಿಂದ ತರುವುದಾದರೆ ಅದೇ ಸಾಕು, ನಾನೂ ಒಪ್ಪುತ್ತೇನೆ. ಆದರೆ ನಮ್ಮದು ಹತ್ತಿರ ಹತ್ತಿರ 400 ಕಿಲೋಮೀಟರ್ ದಾರಿ. ಲೋಕಾಪುರ, ರಾಮದುರ್ಗ, ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ. ಅಲ್ಲಿಂದ ಹೈವೇಯಲ್ಲಿ ಹಾವೇರಿ, ರಾಣೆಬೆನ್ನೂರು, ಹರಿಹರ. ಆಮೇಲೆ ಹೊನ್ನಾಳಿ ಮೇಲೆ ಶಿವಮೊಗ್ಗ. ಅಲ್ಲಿಗೂ ಮುಗಿಯಲಿಲ್ಲ, ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿಯವರೆಗೆ ಬರಬೇಕು. ಇಷ್ಟು ಹೊತ್ತು ಮಡಿಲಲ್ಲಿ ಮರಿ ಸುಮ್ಮನೆ ಮಲಗಿರುವುದಿಲ್ಲ. ಎದ್ದು ಓಡಾಡಲು ನೋಡುತ್ತದೆ. ಡ್ರೈವರ್ ಕಾಲ ಬುಡಕ್ಕೆ ಹೋಗಿ ಬ್ರೇಕ್ ಪೆಡಲ್ ಕೆಳಗೆ ಸೇರಿಕೊಂಡರೆ ಕಥೆ ಮುಗಿಯಿತು. ಹೈವೇಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ನಾಲ್ಕೈದು ಕಿಲೋ ತೂಕದ ಮರಿಯನ್ನು ಯಾರ ಕೈಯೂ ಹಿಡಿದು ನಿಲ್ಲಿಸಲಾರದು. ಮುಂದಿನ ಸೀಟಿನಲ್ಲಿ ಮಡಿಲ ಮೇಲಿದ್ದರಂತೂ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಮೊದಲ ಪೆಟ್ಟು ಅದಕ್ಕೇ ಬೀಳುತ್ತದೆ. ಇದನ್ನೆಲ್ಲ ಕೂತು ಹೇಳಿದ ಮೇಲೆ ನಮ್ಮನೆಯವರೇ ಕಾರಿನ ಹಿಂದಿನ ಸೀಟಿಗೆ ಟೇಪ್ ಹಿಡಿದು ಅಳತೆ ತೆಗೆದರು.

ಈ ಅಳತೆ ಬಹಳ ಮುಖ್ಯ. ಅಂಗಡಿಯ ಹುಡುಗ ದೊಡ್ಡ ಸೈಜನ್ನೇ ತೋರಿಸುತ್ತಿದ್ದ. "ಮುಧೋಳ ಅಲ್ವಾ ಮೇಡಂ, ಎತ್ತರ ಬೆಳೆಯುತ್ತೆ. ದೊಡ್ಡದೇ ತಗೊಳ್ಳಿ, ಆಮೇಲೂ ಬರುತ್ತೆ" ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮುಧೋಳ ನಾಯಿ ಬೆಳೆದರೆ ಭುಜದ ಹತ್ತಿರ ಎರಡಡಿಗೂ ಜಾಸ್ತಿ ಎತ್ತರ, ಇಪ್ಪತ್ತು ಕಿಲೋ ದಾಟಿದ ತೂಕ. ಆದರೆ ಅಷ್ಟು ದೊಡ್ಡ ಪೆಟ್ಟಿಗೆ ನಮ್ಮ ವ್ಯಾಗನ್‌ಆರ್‌ನಲ್ಲಿ ಡಿಕ್ಕಿಯಲ್ಲಿ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಡಿಕ್ಕಿಯಲ್ಲಿ ಕೂತ ಮರಿಗೆ ಯಾರ ಮುಖವೂ ಕಾಣುವುದಿಲ್ಲ, ಯಾರ ಕೈಯೂ ಮುಟ್ಟುವುದಿಲ್ಲ. ಆಗ ತಾನೇ ತಾಯಿಯನ್ನು ಬಿಟ್ಟು ಬಂದ ಜೀವ ಅದು. ಇನ್ನೊಂದು ತೊಂದರೆ, ದೊಡ್ಡ ಪೆಟ್ಟಿಗೆಯ ಒಳಗೆ ಚಿಕ್ಕ ಮರಿ ಪ್ರತಿ ತಿರುವಿಗೂ ಆ ಮೂಲೆಯಿಂದ ಈ ಮೂಲೆಗೆ ಜಾರುತ್ತದೆ. ಗೋಡೆಗೆ ಬೆನ್ನು ಆನಿಸಿಕೊಂಡು ಮಲಗುವಷ್ಟು ಜಾಗ, ಎದ್ದು ಒಂದು ಸುತ್ತು ತಿರುಗುವಷ್ಟು ಜಾಗ ಇದ್ದರೆ ಸಾಕು. ಬೆಳೆದ ಮೇಲೆ ಬೇಕಾಗುವುದನ್ನು ಬೆಳೆದ ಮೇಲೆ ಕೊಂಡರಾಯಿತು.

ಕೂರಿಸುವ ಕ್ರಮ ಹೀಗೆ. ಎಡಗಡೆಯ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ. ಅದರ ಹಿಂದಿನ ಕಾಲಿಡುವ ಜಾಗದಲ್ಲಿ ಪೆಟ್ಟಿಗೆಯನ್ನು ಅಡ್ಡಲಾಗಿ ಇಡಿ. ಬಾಗಿಲು ಕಾರಿನ ನಡುಭಾಗಕ್ಕೆ ಮುಖ ಮಾಡಿರಲಿ. ಆಮೇಲೆ ಮುಂದಿನ ಸೀಟನ್ನು ನಿಧಾನವಾಗಿ ಹಿಂದಕ್ಕೆ ತನ್ನಿ. ಪೆಟ್ಟಿಗೆ ಎರಡು ಸೀಟುಗಳ ನಡುವೆ ಭದ್ರವಾಗಿ ನಿಲ್ಲುತ್ತದೆ, ಅಲುಗಾಡುವುದಿಲ್ಲ. ಒಬ್ಬರು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರೆ ಪೆಟ್ಟಿಗೆಯ ಬಾಗಿಲು ಸರಿಯಾಗಿ ಅವರ ಕಡೆಗೇ ಇರುತ್ತದೆ. ನಾನು ಕೂತಿದ್ದು ಅಲ್ಲೇ. ಜಾಲರಿಯ ಸಂದಿಯಲ್ಲಿ ಎರಡು ಬೆರಳು ಹಾಕಿದರೆ ಮರಿ ಬಂದು ಮೂಗು ತಾಗಿಸುತ್ತಿತ್ತು.

ಕೆಲವರು ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು, ಅದರ ಹಿಡಿಕೆಯೊಳಗೆ ಸೀಟ್ ಬೆಲ್ಟ್ ತೂರಿಸಿ ಕಟ್ಟುತ್ತಾರೆ. ನೋಡಲು ಭದ್ರವಾಗಿಯೇ ಕಾಣುತ್ತದೆ. ಆದರೆ ಆ ಹಿಡಿಕೆ ಇರುವುದು ಕೈಯಲ್ಲಿ ಎತ್ತಲು, ಅಪಘಾತದ ಎಳೆತ ತಡೆಯಲು ಅಲ್ಲ. ಇಂಥ ಅಗ್ಗದ ಪೆಟ್ಟಿಗೆಗಳನ್ನು ಯಾರೂ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿರುವುದಿಲ್ಲ. ನೆಲದ ಮೇಲೆ, ಎರಡು ಸೀಟುಗಳ ನಡುವೆ ಸಿಕ್ಕಿಕೊಂಡಿರುವುದೇ ವಾಸಿ.

ನಾನು ಸೇರಿಸಿದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಪೆಟ್ಟಿಗೆಯ ತಳ ನುಣ್ಣಗಿರುತ್ತದೆ, ಹೊರಗೂ ಜಾರುತ್ತದೆ, ಒಳಗೂ ಜಾರುತ್ತದೆ. ಕೊಟ್ಟಿಗೆಯಲ್ಲಿ ದನ ಮಲಗಲು ಹಾಸುವ ರಬ್ಬರ್ ಮ್ಯಾಟ್ ಇರುತ್ತದಲ್ಲ, ನಮ್ಮಲ್ಲಿ ಅದರ ಒಂದು ತುಂಡು ಉಳಿದಿತ್ತು. ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ಎರಡು ತುಂಡು ಮಾಡಿ ಒಂದನ್ನು ಪೆಟ್ಟಿಗೆಯ ಕೆಳಗೆ, ಇನ್ನೊಂದನ್ನು ಒಳಗೆ ಹಾಸಿದೆವು. ಅದರ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಹಳೇ ಕಾಟನ್ ಸೀರೆಯ ಮಡಿಕೆ. ಮರಿಯ ಕಾಲಿಗೆ ಹಿಡಿತ ಸಿಕ್ಕಿದ್ದು ಈ ರಬ್ಬರಿನಿಂದಲೇ. ಕಾಲಿಗೆ ಹಿಡಿತ ಸಿಕ್ಕರೆ ಮರಿಗೆ ಅರ್ಧ ಹೆದರಿಕೆ ಹೋಗುತ್ತದೆ. ಪೆಟ್ಟಿಗೆಯ ಜೊತೆ ಒಂದು ತೆಳು ಸ್ಪಂಜಿನ ಹಾಸು ಉಚಿತವಾಗಿ ಬಂದಿತ್ತು. ಅದು ಉಚ್ಚೆ ಹೀರಿಕೊಂಡು ತೋಯ್ದು ಕೂರುತ್ತದೆ, ಬೇಗ ಒಣಗುವುದೂ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು, ಎಸೆದೆ. ಅದರ ಆಸೆಗೆ ಯಾವ ಮಾಡೆಲ್ಲನ್ನೂ ಆರಿಸಬೇಡಿ.

ಮರಿ ಸಿಕ್ಕಿದ್ದು ಮುಧೋಳದ ಹತ್ತಿರದ ಒಂದು ಹಳ್ಳಿಯ ರೈತರ ಮನೆಯಲ್ಲಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ, ಈ ತಳಿಗಾಗಿಯೇ ಇರುವುದು. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಅಷ್ಟು ಹೆಸರಿನ ತಳಿ. ಎಲ್ಲಿಂದ ತಂದರೂ ಒಂದು ಮಾತು ನೆನಪಿರಲಿ, ಎಂಟು ವಾರ ತುಂಬದ ಮರಿಯನ್ನು ತರಬೇಡಿ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮವೂ ಇದನ್ನೇ ಹೇಳುತ್ತದೆ. ಬೇಗ ತಂದರೆ ಬೇಗ ಹೊಂದಿಕೊಳ್ಳುತ್ತದೆ ಎಂದು ಹೇಳುವವರು ಸಿಗುತ್ತಾರೆ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಇದ್ದಾಗಲೇ ಅವು ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುವುದು. ಆ ಕಲಿಕೆಯನ್ನು ಅರ್ಧಕ್ಕೆ ಕಿತ್ತುಕೊಂಡು ಬರಬಾರದು.

ನಾವು ಹಿಂದಿನ ದಿನ ಸಂಜೆಯೇ ಹೋಗಿ ಮುಧೋಳದಲ್ಲಿ ಉಳಿದೆವು. ಆ ಸಂಜೆ ಪೆಟ್ಟಿಗೆಯ ಬಾಗಿಲು ತೆಗೆದು, ಆ ಮನೆಯ ಅಂಗಳದಲ್ಲಿ ಇಟ್ಟುಬಿಟ್ಟೆ. ಒಳಗೆ ಹಾಸಿದ ಸೀರೆ ತುಂಡನ್ನು ತಾಯಿ ನಾಯಿಯ ಮೈಗೆ, ಹೊಟ್ಟೆಗೆ ಚೆನ್ನಾಗಿ ಉಜ್ಜಿದ್ದೆ. ಸ್ವಲ್ಪ ಹೊತ್ತಿಗೆ ಮರಿಗಳೆಲ್ಲ ಬಂದು ಮೂಸಿದವು. ಒಂದು ಒಳಗೆ ಹೋಯಿತು, ಇನ್ನೊಂದು ಅದರ ಬಾಲ ಹಿಡಿದು ಎಳೆಯಿತು. ಕತ್ತಲಾಗುವಷ್ಟರಲ್ಲಿ ಮೂರು ಮರಿ ಅದರೊಳಗೇ ಒಂದರ ಮೇಲೊಂದು ಬಿದ್ದು ನಿದ್ದೆ ಹೋಗಿದ್ದವು. ಪೆಟ್ಟಿಗೆಯನ್ನು ರಾತ್ರಿ ಅಲ್ಲೇ ಬಿಟ್ಟು ಬಂದೆವು. ಈ ಒಂದು ಸಂಜೆಯಿಂದ ಆದ ಉಪಕಾರ ದೊಡ್ಡದು. ಮಾರನೇ ದಿನ ಬೆಳಿಗ್ಗೆ ಆ ಪೆಟ್ಟಿಗೆ ನಮ್ಮ ಮರಿಗೆ ಹೊಸದಾಗಿರಲಿಲ್ಲ, ತನ್ನದೇ ಗೂಡಾಗಿತ್ತು. ದಿನ ಮುಂಚೆ ಹೋಗಲು ಆಗದವರು ಪೆಟ್ಟಿಗೆಗೆ ಹಾಸುವ ಬಟ್ಟೆಯನ್ನಾದರೂ ಮೊದಲೇ ಕಳಿಸಿ ತಾಯಿ ಮಲಗುವ ಜಾಗದಲ್ಲಿ ಇಡಿಸಿ.

ಹೊರಡುವಾಗ ಆ ಮನೆಯ ಅಜ್ಜಿ ಹೇಳಿದ ಮಾತು: "ಹೊಟ್ಟಿ ತುಂಬ ಉಣಿಸಬ್ಯಾಡ್ರಿ ಅಕ್ಕಾರ, ದಾರ್ಯಾಗ ಕಾರ್ಕೋತೈತಿ." ಅದು ಪೂರ್ತಿ ಸರಿ. ಮರಿಗಳ ಕಿವಿಯೊಳಗೆ ಮೈಯ ಸಮತೋಲ ಸಂಭಾಳಿಸುವ ಭಾಗ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ದೊಡ್ಡ ನಾಯಿಗಿಂತ ಮರಿಗಳಿಗೆ ಕಾರಿನಲ್ಲಿ ವಾಂತಿ ಜಾಸ್ತಿ. ಹಾಗಂತ ಇಡೀ ದಿನ ಉಪವಾಸ ಹಾಕಲೂ ಬಾರದು, ಇಷ್ಟು ಸಣ್ಣ ಮರಿ ಬೇಗ ನಿತ್ರಾಣವಾಗುತ್ತದೆ. ನಾವು ಬೆಳಗಿನ ಜಾವ ಅದಕ್ಕೆ ಅಭ್ಯಾಸವಾಗಿದ್ದ ಜೋಳದ ರೊಟ್ಟಿಯನ್ನೇ ನೆನೆಸಿ ಸ್ವಲ್ಪ ಕೊಡಿಸಿ, ಅದು ಇಳಿಯಲು ಸಮಯ ಬಿಟ್ಟು ಹೊರಟೆವು. ದಾರಿಯಲ್ಲಿ ನಿಂತಾಗಲೆಲ್ಲ ಎರಡು ಮೂರು ತುತ್ತು, ಸ್ವಲ್ಪ ನೀರು. ಬರುವಾಗ ಜೋಳದ ಹಿಟ್ಟನ್ನೂ ಕಟ್ಟಿಸಿಕೊಂಡು ಬಂದೆವು. ಊರು ಬದಲಾದ ದಿನವೇ ಊಟವೂ ಬದಲಾದರೆ ಭೇದಿ ಹಿಡಿಯುತ್ತದೆ. ನಮ್ಮ ಕಡೆಯ ಅನ್ನಕ್ಕೆ ನಿಧಾನವಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ತಂದೆ.

ನವಲಗುಂದದವರೆಗಿನ ಎರೆಭೂಮಿಯ ನೇರ ರಸ್ತೆಯಲ್ಲಿ ಮರಿಗೆ ಏನೂ ಆಗಲಿಲ್ಲ. ಹೊರಟ ಮೊದಲರ್ಧ ಗಂಟೆ ಕುಂಯ್‌ಗುಟ್ಟಿತು, ಆಮೇಲೆ ಮಲಗಿತು. ಪೆಟ್ಟಿಗೆಯ ಅರ್ಧ ಭಾಗಕ್ಕೆ ತೆಳು ಬಟ್ಟೆ ಹೊದಿಸಿದ್ದೆ, ಬಾಗಿಲಿನ ಕಡೆ ಖಾಲಿ ಬಿಟ್ಟಿದ್ದೆ. ಒಳಗೆ ಮಬ್ಬುಗತ್ತಲಾದರೆ ಮರಿ ಬೇಗ ನಿದ್ದೆ ಹೋಗುತ್ತದೆ. ಇಲ್ಲಿ ಪೆಟ್ಟಿಗೆಯ ಒಂದು ಕೊರತೆ ಹೇಳಬೇಕು. ಗಾಳಿಯ ತೂತುಗಳೆಲ್ಲ ಮೇಲ್ಭಾಗದಲ್ಲೇ ಇವೆ. ಕಾಲಿಡುವ ಜಾಗಕ್ಕೆ ಎಸಿ ಗಾಳಿ ಮೊದಲೇ ಕಮ್ಮಿ ಬರುತ್ತದೆ. ಹುಬ್ಬಳ್ಳಿ ದಾಟಿ ಬಿಸಿಲೇರಿದಾಗ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿದರೆ ನಾನು ಕೂತ ಜಾಗಕ್ಕಿಂತ ಬೆಚ್ಚಗಿತ್ತು. ಹೊದಿಸಿದ ಬಟ್ಟೆ ತೆಗೆದು, ಎಸಿಯ ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿಕೊಂಡ ಮೇಲೆ ಸರಿಹೋಯಿತು. ನಾಲ್ಕೂ ಕಡೆ ಕೆಳಗಿನವರೆಗೆ ತೂತು ಇರುವ ಮಾಡೆಲ್ ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ಬಿಸಿಲಿನ ಮಾತು ಬಂತಲ್ಲ, ಊಟಕ್ಕೆ ನಿಲ್ಲಿಸಿದಾಗ ಮರಿಯನ್ನು ಕಾರಿನಲ್ಲೇ ಬಿಟ್ಟು ಹೋಗಲೇಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಬಿಸಿ ಏರುತ್ತದೆ. ಗಾಜು ಒಂದಿಷ್ಟು ಇಳಿಸಿದರೆ ಅದೇನೂ ತಗ್ಗುವುದಿಲ್ಲ. ಬಯಲುಸೀಮೆಯ ಫೆಬ್ರವರಿ ಮಧ್ಯಾಹ್ನ ನಮ್ಮ ಕಡೆಯ ಏಪ್ರಿಲ್ ಇದ್ದಂತೆ. ನಾವು ಒಬ್ಬರಾದ ಮೇಲೆ ಒಬ್ಬರು ಊಟ ಮಾಡಿದೆವು.

ಇನ್ನು ನಿಲ್ಲಿಸುವ ವಿಷಯ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಲಸಿಕೆ ಪೂರ್ತಿಯಾಗದ ಮರಿಯನ್ನು ಢಾಬಾ, ಪೆಟ್ರೋಲ್ ಬಂಕ್, ಬಸ್ ಸ್ಟ್ಯಾಂಡ್ ನೆಲದ ಮೇಲೆ ಬಿಡಬೇಡಿ. ಎಂಟು ವಾರದ ಮರಿಗೆ ಹೆಚ್ಚೆಂದರೆ ಮೊದಲ ಲಸಿಕೆ ಆಗಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ ಸುಮಾರು 16 ವಾರ ತುಂಬುವವರೆಗೂ ಪೂರ್ತಿ ರಕ್ಷಣೆ ಬಂದಿರುವುದಿಲ್ಲ. ಪಾರ್ವೋ ರೋಗದ ವೈರಸ್ ಕಾಯಿಲೆ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬೀದಿನಾಯಿಗಳು ಹೆಚ್ಚಾಗಿ ಸೇರುವುದೇ ಢಾಬಾಗಳ ಹತ್ತಿರ. ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಯುವ ಮರಿಗಳಲ್ಲಿ ಎಷ್ಟೋ ಮರಿಗಳ ಪ್ರಾಣ ತೆಗೆಯುವುದು ಈ ಪಾರ್ವೋ. ಅಷ್ಟು ಆಸೆಯಿಂದ ತಂದ ಮರಿ ವಾರದೊಳಗೆ ಹೋದ ಮನೆಗಳನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಉಚ್ಚೆ ಕಕ್ಕಸಿಗೆ ಏನು ಮಾಡುವುದು? ನಾವು ಅಡಿಕೆ ಒಣಗಿಸುವ ಟಾರ್ಪಾಲಿನ ಒಂದು ತುಂಡು ತಗೊಂಡು ಹೋಗಿದ್ದೆವು. ಸುಮಾರು ಎರಡು ಗಂಟೆಗೊಮ್ಮೆ ಊರು, ಹೋಟೆಲು ಇಲ್ಲದ ಕಡೆ ನೆರಳು ನೋಡಿ ನಿಲ್ಲಿಸುವುದು. ಟಾರ್ಪಾಲು ಹಾಸಿ, ಅದರ ಮೇಲೆ ಪೇಪರು ಹಾಸಿ, ಮರಿಗೆ ಉದ್ದ ದಾರ ಕಟ್ಟಿ ಇಳಿಸುವುದು. ತಾಯಿಮನೆಯ ಉಚ್ಚೆ ಹತ್ತಿದ ಪೇಪರಿನ ಚೂರೊಂದನ್ನು ಅದರ ಮೇಲೆ ಇಟ್ಟರೆ ಮರಿಗೆ ಬೇಗ ಅರ್ಥವಾಗುತ್ತದೆ. ಮುಗಿದ ಮೇಲೆ ಪೇಪರನ್ನು ಕವರಿಗೆ ಹಾಕಿ ಕಟ್ಟಿ, ಟಾರ್ಪಾಲಿನ ನೆಲ ಮುಟ್ಟಿದ ಕಡೆಯನ್ನು ಒಳಗೆ ಮಡಚಿ ಡಿಕ್ಕಿಗೆ ಹಾಕುವುದು. ನಮ್ಮ ಚಪ್ಪಲಿಗೆ ಹತ್ತಿದ ಮಣ್ಣೂ ಮಣ್ಣೇ ಅಲ್ವಾ? ಟಾರ್ಪಾಲಿನ ಮೇಲೆ ನಾವು ಬರಿಗಾಲಲ್ಲೇ ಕೂರುತ್ತಿದ್ದೆವು.

ಪೆಟ್ಟಿಗೆಯ ನಿಜವಾದ ಪರೀಕ್ಷೆ ಆಗಿದ್ದು ಶಿವಮೊಗ್ಗ ದಾಟಿದ ಮೇಲೆ. ಗಾಜನೂರು ಅಣೆಕಟ್ಟು, ಸಕ್ರೆಬೈಲು ಆನೆ ಬಿಡಾರ ಕಳೆದು ತುಂಗೆಯ ಪಕ್ಕದಲ್ಲೇ ರಸ್ತೆ ತಿರುಗುತ್ತಾ ಹೋಗುತ್ತದೆ. ಅಲ್ಲಿಯವರೆಗೆ ಆರಾಮಾಗಿದ್ದ ಮರಿ ಆಕಳಿಸಲು ಶುರು ಮಾಡಿತು. ಆಮೇಲೆ ತುಟಿ ನೆಕ್ಕುವುದು, ಆಮೇಲೆ ಜೊಲ್ಲು. ಈ ಮೂರು ಸಾಲಾಗಿ ಕಂಡರೆ ಮುಂದಿನದು ವಾಂತಿಯೇ. ಮಂಡಗದ್ದೆಯ ಹತ್ತಿರ ಗಾಡಿ ನಿಲ್ಲಿಸಿ ಬಾಗಿಲು ತೆಗೆದು ಗಾಳಿಗೆ ಹಿಡಿದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಹೊರಟಾಗ ನಮ್ಮನೆಯವರು ನಲವತ್ತರ ಮೇಲೆ ಹೋಗಲೇ ಇಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟದೆ ಓಡಿಸಿದರು. ಹಿಂದಿನಿಂದ ಬಸ್ಸುಗಳು ಹಾರನ್ ಹೊಡೆದು ದಾಟಿಕೊಂಡು ಹೋದವು. ಹೋಗಲಿ. ಒಮ್ಮೆ ನೊರೆ ನೊರೆಯಾಗಿ ಸ್ವಲ್ಪ ವಾಂತಿ ಆಯಿತು, ಅಷ್ಟೇ. ಪೇಪರು, ಸೀರೆ ತುಂಡು ಬದಲಾಯಿಸಿ ಪ್ಲಾಸ್ಟಿಕ್ ಒರೆಸಿದರೆ ಕೆಲಸ ಮುಗಿಯಿತು. ಮಡಿಲಲ್ಲೋ ಸೀಟಿನ ಮೇಲೋ ಆಗಿದ್ದರೆ ಆ ವಾಸನೆಗೇ ಮತ್ತೆ ಮತ್ತೆ ಕಾರಿಕೊಳ್ಳುತ್ತಿತ್ತು. ವಾಂತಿ ನಿಲ್ಲಿಸಲು ಮನುಷ್ಯರ ಮಾತ್ರೆ ಅರ್ಧ ಮಾಡಿ ಕೊಡುವವರಿದ್ದಾರೆ. ಪಶುವೈದ್ಯರು ಮರಿಯ ತೂಕ ನೋಡಿ ಹೇಳದೆ ಏನನ್ನೂ ಕೊಡಬೇಡಿ.

ಮಂಗಳೂರು, ಉಡುಪಿ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಮರಿ ತರುವವರೂ ಇರುತ್ತೀರಿ. ನಿಮ್ಮದು ಇನ್ನೂ ಕಷ್ಟದ ದಾರಿ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಲ್ಲಿ ಒಮ್ಮೆ ನಿಲ್ಲಿಸಿ, ಮರಿ ಸುಧಾರಿಸಿಕೊಂಡ ಮೇಲೆ ಖಾಲಿ ಹೊಟ್ಟೆಯಲ್ಲೇ ಘಾಟಿ ಹತ್ತಿಸಿ. ಊಟ ಮೇಲೆ ಬಂದ ಮೇಲೆ ಕೊಡಿ.

ಪೆಟ್ಟಿಗೆಯ ದೊಡ್ಡ ದೋಷ ಅದರ ಕ್ಲಿಪ್ಪುಗಳು. ಮೇಲಿನ ಅರ್ಧ, ಕೆಳಗಿನ ಅರ್ಧ ಸೇರಿಸಲು ಸುತ್ತ ಪ್ಲಾಸ್ಟಿಕ್ ಕ್ಲಿಪ್ ಕೊಟ್ಟಿರುತ್ತಾರೆ. ಮರಿ ಒಳಗಿರುವಾಗ ಮೇಲಿನ ಹಿಡಿಕೆ ಹಿಡಿದು ಎತ್ತಿದರೆ ಪೂರ್ತಿ ಭಾರ ಬೀಳುವುದು ಈ ಕ್ಲಿಪ್ಪುಗಳ ಮೇಲೆ. ಮನೆಯಲ್ಲಿ ಅಕ್ಕಿ ತುಂಬಿದ ಚೀಲ ಒಳಗಿಟ್ಟು ಎತ್ತಿ ನೋಡಿದಾಗಲೇ ಒಂದು ಕ್ಲಿಪ್ ಪಟ್ಟಂತ ಹಾರಿತು. ಹೊರಡುವ ಮೊದಲೇ ಸುತ್ತಲೂ ಕೇಬಲ್ ಟೈ ಹಾಕಿ ಬಿಗಿದೆವು. ಎತ್ತುವಾಗ ಯಾವಾಗಲೂ ತಳಕ್ಕೆ ಕೈ ಕೊಟ್ಟೇ ಎತ್ತಿ. ನಟ್ಟು ಬೋಲ್ಟ್ ಇರುವ ಮಾಡೆಲ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಬಾಗಿಲಿನ ಕಂಬಿ ಮಾತ್ರ ಗಟ್ಟಿಯಾಗಿತ್ತು, ಸ್ಪ್ರಿಂಗ್ ಚಿಲಕವೂ ಚೆನ್ನಾಗಿ ಕೂರುತ್ತಿತ್ತು. ಆದರೆ ನಮ್ಮ ಮಳೆ ನಿಮಗೆ ಗೊತ್ತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ, ನಾವಿರುವುದು ಅದರ ಬಗಲಲ್ಲೇ. ಆಷಾಢ ಮುಗಿಯುವಷ್ಟರಲ್ಲಿ ಕಂಬಿಯ ಬೆಸುಗೆ ಹಾಕಿದ ಕಡೆಯೆಲ್ಲ ತುಕ್ಕು ಬಂದಿತ್ತು. ಸ್ಪ್ರಿಂಗ್ ಬಿಗಿದುಕೊಂಡಿತು. ಕೊಬ್ಬರಿ ಎಣ್ಣೆ ಹಚ್ಚಿ ಸರಿ ಮಾಡಿಕೊಂಡಿದ್ದೇವೆ. ಪೇಂಟ್ ಬೇಡ, ಮರಿ ಕಂಬಿ ಕಡಿಯುತ್ತದೆ.

ಬಣ್ಣದ ವಿಷಯದಲ್ಲಿ ನಾನು ಹಟ ಹಿಡಿದು ತಿಳಿ ಬೂದು ಬಣ್ಣದ್ದೇ ತಂದೆ. ಮಲೆನಾಡಿನವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ತಿಳಿ ಬಣ್ಣದ ಮೇಲೆ ಉಣುಗು ಕಾಣುತ್ತದೆ. ಕಪ್ಪು, ಕಡು ನೀಲಿ ಪೆಟ್ಟಿಗೆಯಾದರೆ ಸಂದಿಯಲ್ಲಿ ಕೂತಿದ್ದು ಗೊತ್ತೇ ಆಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದ ಜಿಲ್ಲೆ ನಮ್ಮದು. ಅದು ಹರಡುವುದು ಉಣುಗಿನಿಂದ. ನಾಯಿಗಳಿಗೆ ಉಣುಗಿನಿಂದ ಬರುವ ಜ್ವರಗಳು ಬೇರೆಯೇ ಇವೆ. ಹಾಗಾಗಿ ಮರಿಯ ಕಿವಿ, ಬೆರಳ ಸಂದಿ ನೋಡುವಾಗ ಪೆಟ್ಟಿಗೆಯ ಸಂದಿಯನ್ನೂ ನೋಡುವುದು ನಮ್ಮನೆಯಲ್ಲಿ ರೂಢಿಯಾಗಿದೆ.

ಬೆಳ್ಳಿ ಅಂತ ಹೆಸರಿಟ್ಟಿದ್ದೇವೆ, ಬಿಳಿ ಮೈಯ ಹೆಣ್ಣು ಮರಿ. ಬಂದ ಮಾರನೇ ದಿನ ಮನೆಯಲ್ಲೇ ಬಿಟ್ಟು ಸುಧಾರಿಸಲು ಕೊಟ್ಟೆವು. ಆಮೇಲೆ ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿಗೆ ಇದೇ ಪೆಟ್ಟಿಗೆಯಲ್ಲಿ ಕರೆದುಕೊಂಡು ಹೋಗಿ ತೋರಿಸಿ, ಜಂತುಹುಳದ ಔಷಧಿ, ಮುಂದಿನ ಲಸಿಕೆಯ ದಿನ ಎಲ್ಲ ಬರೆಸಿಕೊಂಡು ಬಂದೆವು. ಆಸ್ಪತ್ರೆಯಲ್ಲೂ ಪೆಟ್ಟಿಗೆ ಬಹಳ ಒದಗಿತು. ಕಾಯುವ ಜಾಗದಲ್ಲಿ ಕಾಯಿಲೆ ನಾಯಿಗಳೂ ಇರುತ್ತವೆ, ಮರಿ ನೆಲ ಮುಟ್ಟದೆ ಒಳಗೇ ಕೂತಿತ್ತು. ನಮ್ಮಂಥ ಗದ್ದೆ ತೋಟದ ಊರಿನವರು ಇಲಿ ಉಚ್ಚೆಯಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಲಸಿಕೆಯ ಬಗ್ಗೆಯೂ ಮರೆಯದೆ ಕೇಳಿ. ಮನುಷ್ಯರಿಗೂ ಬರುವ ಇಲಿಜ್ವರ ಅದೇ.

ರಾತ್ರಿ ಪೆಟ್ಟಿಗೆ ನನ್ನ ಮಂಚದ ಪಕ್ಕದಲ್ಲೇ ಇತ್ತು. "ನಾಯಿ ಜಗುಲಿಯಲ್ಲಿ ಮಲಗಬೇಕಪ್ಪ, ಒಳಗೆ ಯಾಕೆ?" ಅಂತ ಅತ್ತೆ ಶುರುವಿನಲ್ಲಿ ಗೊಣಗಿದರು. ಆದರೆ ನಮ್ಮೂರ ಸುತ್ತ ಜಗುಲಿಯಿಂದ, ಕೊಟ್ಟಿಗೆ ಬಾಗಿಲಿನಿಂದ ಚಿರತೆ ನಾಯಿ ಎತ್ತಿಕೊಂಡು ಹೋಗಿರುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ನೆನಪಿಸಿದ ಮೇಲೆ ಅವರೇ ಒಂದು ಹಳೇ ಕಂಬಳಿ ತಂದು ಪೆಟ್ಟಿಗೆಯ ಮೇಲೆ ಹೊದಿಸಿದರು. ಮುಧೋಳ ಒಣ ಸೀಮೆಯ ತಳಿ. ಮೈಮೇಲೆ ಕೂದಲು ಗಿಡ್ಡ, ಚರ್ಮದ ಕೆಳಗೆ ಕೊಬ್ಬು ಕಡಿಮೆ. ನಮ್ಮ ಮಳೆಗಾಲದ ಥಂಡಿ ಅದಕ್ಕೆ ಹೊಸದು. ಬೆಚ್ಚಗಿನ ಒಣ ಜಾಗ ಮತ್ತು ಓಡಲು ಬೇಲಿಯೊಳಗೆ ಬಯಲು, ಇವೆರಡೂ ಕೊಡಲಾಗದಿದ್ದರೆ ಮಲೆನಾಡಿಗೆ ಈ ತಳಿ ತರುವ ಯೋಚನೆ ಮಾಡಬೇಡಿ ಅಂತ ನನ್ನ ಕಳಕಳಿಯ ಮಾತು.

ಮೂರು ತಿಂಗಳಾಗುವಷ್ಟರಲ್ಲಿ ಬೆಳ್ಳಿಗೆ ಪೆಟ್ಟಿಗೆ ಇಕ್ಕಟ್ಟಾಯಿತು. ಅದು ಮೊದಲೇ ಗೊತ್ತಿದ್ದದ್ದೇ. ಈಗ ಶಿವಮೊಗ್ಗಕ್ಕೆ ಹೋಗುವಾಗ ಎದೆ ಸುತ್ತಿ ಕಟ್ಟುವ ಹಾರ್ನೆಸ್ ಹಾಕಿ, ಅದನ್ನು ಸೀಟ್ ಬೆಲ್ಟಿನ ಬಕಲ್ಲಿಗೆ ಸಿಕ್ಕಿಸುತ್ತೇವೆ. ಕೊರಳ ಪಟ್ಟಿಗೆ ಮಾತ್ರ ಕಟ್ಟಬಾರದು, ಬ್ರೇಕ್ ಹಾಕಿದಾಗ ಕತ್ತಿಗೇ ಎಳೆತ ಬೀಳುತ್ತದೆ. ಮುಧೋಳದ ವಿಷಯದಲ್ಲಿ ಇನ್ನೊಂದು ಅಪಾಯವೂ ಇದೆ. ಇದರ ತಲೆ ಕತ್ತಿಗಿಂತ ಕಿರಿದು. ಹಿಂದಕ್ಕೆ ಎಳೆದುಕೊಂಡರೆ ಮಾಮೂಲಿ ಪಟ್ಟಿ ತಲೆಯ ಮೇಲಿಂದ ಸಲೀಸಾಗಿ ಜಾರುತ್ತದೆ. ಹೈವೇ ಪಕ್ಕದಲ್ಲಿ ಹಾಗೆ ತಪ್ಪಿಸಿಕೊಂಡ ಓಟದ ನಾಯಿಯನ್ನು ಹಿಡಿಯುವವರು ಯಾರು? ಕಾರಿನ ಬಾಗಿಲು ತೆಗೆಯುವ ಮೊದಲು ಹಾರ್ನೆಸ್ಸಿನ ದಾರ ಕೈಗೆ ಸುತ್ತಿಕೊಂಡಿರಲೇಬೇಕು.

ಹಿಂದಿನ ಸೀಟಿಗೆ ತೊಟ್ಟಿಲಿನಂತೆ ಕಟ್ಟುವ ಹೊದಿಕೆಯನ್ನೂ ಒಂದು ಆನ್‌ಲೈನ್‌ನಲ್ಲಿ ತರಿಸಿದ್ದೆ. ಸೀಟು ಕೊಳೆಯಾಗುವುದಿಲ್ಲ, ಅಷ್ಟೇ ಅದರ ಉಪಯೋಗ. ಅದು ನಾಯಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ದೊಡ್ಡ ನಾಯಿಗೆ ಹಾರ್ನೆಸ್ ಜೊತೆ ಇರಲಿ. ಮರಿ ತರುವ ದಿನಕ್ಕೆ ಅದು ಬೇಡವೇ ಬೇಡ, ಮೆತ್ತನೆಯ ಬಟ್ಟೆ ಬ್ಯಾಗೂ ಬೇಡ. ಬಟ್ಟೆಯದು ತೋಯ್ದರೆ ದಾರಿಯಲ್ಲಿ ತೊಳೆಯಲು ಆಗುವುದಿಲ್ಲ.

ನಮ್ಮ ಪೆಟ್ಟಿಗೆ ಈಗ ಊರಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಮೊನ್ನೆ ಕೋಣಂದೂರಿನ ನೆಂಟರು ಮರಿ ತರಲು ಒಯ್ದಿದ್ದರು. ಬೆಕ್ಕನ್ನು ಆಸ್ಪತ್ರೆಗೆ ಒಯ್ಯಲೂ ಕೇಳುತ್ತಾರೆ. ಎರಡು ಸಾವಿರ ಕೊಟ್ಟು ಮೂರು ತಿಂಗಳಿಗೆ ಮೂಲೆ ಸೇರುವ ವಸ್ತು ಯಾಕೆ ಅನ್ನುವವರು ಹೀಗೆ ನಾಲ್ಕು ಮನೆ ಸೇರಿ ಒಂದು ಇಟ್ಟುಕೊಳ್ಳಬಹುದು. ಆದರೆ ಕೊಡುವ ಮೊದಲು, ವಾಪಸು ಬಂದ ಮೇಲೆ, ಎರಡು ಸಲವೂ ತೊಳೆಯಬೇಕು. ಮೊದಲು ಸೋಪಿನ ನೀರಿನಲ್ಲಿ ಕೊಳೆ ಪೂರ್ತಿ ತೆಗೆಯಿರಿ. ಆಮೇಲೆ ಬಟ್ಟೆಗೆ ಹಾಕುವ ಬ್ಲೀಚ್ 1 ಪಾಲು, ನೀರು 30 ಪಾಲು ಬೆರೆಸಿ ಒಳಗೆ ಹೊರಗೆ ಬಳಿದು, 10 ನಿಮಿಷ ಹಾಗೇ ಬಿಟ್ಟು, ನೀರು ಹಾಕಿ ತೊಳೆದು ಬಿಸಿಲಿಗಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಪಾರ್ವೋ ಸಾಯುವುದಿಲ್ಲ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಕೇಬಲ್ ಟೈ ಕತ್ತರಿಸಿ ಎರಡೂ ಅರ್ಧ ಬಿಚ್ಚಿಯೇ ತೊಳೆಯಬೇಕು, ಕೊಳೆ ಕೂರುವುದು ಆ ಸೇರುವ ಅಂಚಿನಲ್ಲೇ. ಹೊಸ ಟೈಗಳ ಒಂದು ಕಟ್ಟನ್ನು ನಾನು ಪೆಟ್ಟಿಗೆಯ ಒಳಗೇ ಇಟ್ಟು ಕೊಡುತ್ತೇನೆ.